ದೇಶದ ಪಾಪವನ್ನು ಅರಿಕೆಮಾಡತಕ್ಕವರು ಯಾರು?

ದೇಶದ ಕ್ಷೇಮಕ್ಕೋಸ್ಕರ ನೇಮಿಸಲ್ಪಟ್ಟ ಒಂದು ಪ್ರಾರ್ಥನೆಯ ದಿನದಲ್ಲಿ ನಾವು ಒಂದು ಹಳ್ಳಿಯ ಸಭೆಯವರ ಸಂಗಡ ಕೂತಿದ್ದೆವು. ಸಭೆಯ ಹಿರಿಯರೊಬ್ಬರು ಮೊಣಕಾಲೂರಿ ಬಹಳ ಹೊತ್ತು ಪ್ರಾರ್ಥಿಸಿದರು. ಲಂಚ ತಿನ್ನುವ ಅಧಿಕಾರಿಗಳು, ಸೆರೆ ಮಾರುವವರು, ಬಡವರ ಹೊಲಗಳನ್ನು ಸಾಲಕ್ಕೆ ನುಂಗುವ ಸಾಹುಕಾರರು, ಜನರೊಳಗೆ ಜಗಳ ಹಚ್ಚುವ ಮುಖಂಡರು, ತಂದೆತಾಯಿಗಳ ಮಾತನ್ನು ಕೇಳದ ಯೌವನಸ್ಥರು, ಇವರೆಲ್ಲರ ಪಾಪಗಳು ಒಂದೊಂದಾಗಿ ದೇವರ ಮುಂದೆ ಇಡಲ್ಪಟ್ಟವು. ಸಭೆಯವರು ಗಟ್ಟಿಯಾಗಿ ಆಮೆನ್ ಅಂದರು, ನಾವೂ ಅಂದೆವು. ಹೊರಗೆ ಬಂದ ಮೇಲೆ ನಮಗೆ ತೋಚಿದ್ದೇನಂದರೆ, ಅಷ್ಟು ಉದ್ದವಾದ ಆ ಪ್ರಾರ್ಥನೆಯೊಳಗೆ ಆ ದಿನ ದೇವಾಲಯದಲ್ಲಿ ಕೂತಿದ್ದವರ ಪಾಪ ಒಂದೂ ಇರಲಿಲ್ಲ. ಬಾಗಲಲ್ಲಿ ನಿಂತರೆ ಸಭೆಯ ಸ್ಮಶಾನವು ಕಾಣುತ್ತದೆ; ಅದರ ನಡುವೆ ಒಂದು ಕತ್ತಾಳೆಯ ಬೇಲಿ. ಮೊದಲು ಕ್ರೈಸ್ತರಾದ ಕುಲದವರ ಗೋರಿಗಳು ಈಚೆಗೆ, ಆಮೇಲೆ ಬಂದ ಬೇರೊಂದು ಕುಲದವರ ಗೋರಿಗಳು ಆಚೆಗೆ. ಆ ಬೇಲಿಯ ಸಂಗತಿಯನ್ನು ಕಡೆಯಲ್ಲಿ ಹೇಳುವೆವು.

ಇಂಥ ದಿನಗಳಲ್ಲಿ ಬೋಧಕರು ಹೆಚ್ಚಾಗಿ ಆರಿಸಿಕೊಳ್ಳುವ ವಾಕ್ಯವು ಪೂರ್ವಕಾಲವೃತ್ತಾಂತದ ದ್ವಿತೀಯ ಭಾಗದ 7ನೆಯ ಅಧ್ಯಾಯದಲ್ಲಿ 14ನೆಯ ವಚನವಾಗಿದೆ. ಸೊಲೊಮೋನನು ದೇವಾಲಯವನ್ನು ಪ್ರತಿಷ್ಠೆ ಮಾಡಿದ ಮೇಲೆ ಯೆಹೋವನು ರಾತ್ರಿಯಲ್ಲಿ ಅವನಿಗೆ ಕಾಣಿಸಿಕೊಂಡು, ಬರ, ಮಿಡತೆ, ವ್ಯಾಧಿ ಇವು ದೇಶಕ್ಕೆ ಬಂದಾಗ ಏನು ಮಾಡತಕ್ಕದ್ದೆಂದು ತಿಳಿಸಿದನು. ದೇಶವು ಸ್ವಸ್ಥವಾಗುವದೆಂಬ ವಾಗ್ದಾನವು ಅಲ್ಲಿ ಉಂಟು. ಆದರೆ ಅದಕ್ಕೆ ಮುಂಚೆ ದೀನತೆಯೂ ಪ್ರಾರ್ಥನೆಯೂ ಕೆಟ್ಟ ನಡತೆಯನ್ನು ಬಿಟ್ಟು ತಿರುಗುವದೂ ಯಾರಿಂದ ಕೇಳಲ್ಪಟ್ಟವು? ದೇವರ ಹೆಸರನ್ನು ಹೊತ್ತುಕೊಂಡಿದ್ದ ಜನರಿಂದಲೇ. ಅದು ಇಸ್ರಾಯೇಲ್ಯರಿಗೆ ಕೊಡಲ್ಪಟ್ಟ ಮಾತಾದ್ದರಿಂದ, ಪ್ರಾರ್ಥಿಸಿದ ಊರಿಗೆ ಮಳೆ, ಪ್ರಾರ್ಥಿಸದ ಊರಿಗೆ ಬರ ಎಂದು ಅದರ ಮೇಲೆ ಬೋಧಿಸುವದು ನಮಗೆ ಸರಿಕಾಣುವದಿಲ್ಲ. ನೀತಿವಂತರಿಗೂ ಅನೀತಿವಂತರಿಗೂ ಮಳೆಯು ಒಂದೇ ಎಂದು ಕರ್ತನು ಬೆಟ್ಟದ ಮೇಲೆ ಬೋಧಿಸಿದ್ದಾನಷ್ಟೆ. ಆದರೂ ದೀನತೆಯು ಎಲ್ಲಿಂದ ಆರಂಭವಾಗಬೇಕೆಂಬದು ಆ ವಚನದಿಂದ ಸ್ಪಷ್ಟವಾಗಿ ತಿಳಿಯಬರುತ್ತದೆ.

ಇಲ್ಲಿ ಒಂದು ಕಠಿಣವಾದ ಪ್ರಶ್ನೆಯು ಹುಟ್ಟುವದು. ನಾನು ಮಾಡದ ಪಾಪವನ್ನು ನಾನು ಹೇಗೆ ಅರಿಕೆಮಾಡಲಿ? ಲಂಚ ತಿಂದವನು ಬೇರೆ, ಕೊಂದವನು ಬೇರೆ. ಇದು ನೆವವೆಂದು ತಳ್ಳಿಬಿಡತಕ್ಕ ಮಾತಲ್ಲ; ಒಬ್ಬನ ಪಾಪವು ಮತ್ತೊಬ್ಬನ ತಲೆಯ ಮೇಲೆ ಬಾರದೆಂದು ಯೆಹೆಜ್ಕೇಲನ ಗ್ರಂಥದ 18ನೆಯ ಅಧ್ಯಾಯವೇ ಬೋಧಿಸುತ್ತದೆ. ಹಾಗಿದ್ದರೂ ದಾನಿಯೇಲನು ತನ್ನ 9ನೆಯ ಅಧ್ಯಾಯದ ಪ್ರಾರ್ಥನೆಯಲ್ಲಿ ಅವರು ಪಾಪಮಾಡಿದರೆಂದು ಹೇಳದೆ ನಾವು ಪಾಪಮಾಡಿದೆವೆಂದು ಹೇಳಿದನು. ನೆಹೆಮೀಯನು ಅರಸನ ಅರಮನೆಯಲ್ಲಿ ಪಾನದಾಯಕನಾಗಿದ್ದರೂ, ಯೆರೂಸಲೇಮಿನ ಗೋಡೆ ಬಿದ್ದದ್ದಕ್ಕೆ ಕಾರಣವಾದ ದೋಷದಲ್ಲಿ ತನ್ನನ್ನೂ ತನ್ನ ತಂದೆಯ ಮನೆಯನ್ನೂ ಸೇರಿಸಿಕೊಂಡನು. ಇವರು ಸುಳ್ಳು ಹೇಳಿದರೋ? ನಮ್ಮ ಕಾಲಕ್ಕೆ ಹತ್ತಿರವಾದ ಒಂದು ದೃಷ್ಟಾಂತದಿಂದ ಇದನ್ನು ವಿಚಾರಿಸೋಣ.

1945ರಲ್ಲಿ ಎರಡನೆಯ ಮಹಾಯುದ್ಧವು ಮುಗಿದಾಗ ಜರ್ಮನಿಯ ಪಟ್ಟಣಗಳು ಬೂದಿಯಾಗಿದ್ದವು. ಆ ದೇಶದ ಸರಕಾರವು ಸುಮಾರು ಅರುವತ್ತು ಲಕ್ಷ ಮಂದಿ ಯೆಹೂದ್ಯರನ್ನು ಕೊಲ್ಲಿಸಿತ್ತು. ಆ ವರುಷದ ಅಕ್ಟೋಬರ್ 18 ಮತ್ತು 19ನೆಯ ತಾರೀಖುಗಳಲ್ಲಿ ಅಲ್ಲಿಯ ಪ್ರೊಟೆಸ್ಟಂಟ್ ಸಭೆಗಳ ಮುಖ್ಯಸ್ಥರು ಸ್ಟುಟ್‌ಗಾರ್ಟ್ ಪಟ್ಟಣದಲ್ಲಿ ಕೂಡಿಬಂದರು. ಈ ಪಟ್ಟಣವು ವುರ್ಟೆಂಬರ್ಗ್ ಸೀಮೆಯ ರಾಜಧಾನಿಯಾಗಿತ್ತು. 1843ರಲ್ಲಿ ಮಂಗಳೂರ ಸಮಾಚಾರವನ್ನು ಹೊರಡಿಸಿದ ಹೆರ್ಮನ್ ಮೋಗ್ಲಿಂಗರು ಆ ಸೀಮೆಯಿಂದಲೇ ನಮ್ಮಲ್ಲಿಗೆ ಬಂದವರು. ಹಾಲೆಂಡ್, ಫ್ರಾನ್ಸ್, ಇಂಗ್ಲೆಂಡ್ ಮುಂತಾದ ದೇಶಗಳ ಸಭೆಗಳ ಪ್ರತಿನಿಧಿಗಳು ಅವರನ್ನು ನೋಡಬಂದರು. ಇವರಲ್ಲಿ ಕೆಲವರ ಊರುಗಳು ಜರ್ಮನ್ ಸೈನ್ಯದ ಕೆಳಗೆ ವರುಷಗಟ್ಟಲೆ ನರಳಿದ್ದವು. ಆ ಕಾಲದಲ್ಲಿ ಬಾಸೆಲ್ ಮಿಶನಿನ ಅಧ್ಯಕ್ಷರಾಗಿದ್ದ ಸ್ವಿಸ್ ದೇಶದ ಅಲ್ಫೋನ್ಸ್ ಕೇಖ್ಲಿನ್ ಎಂಬವರೂ ಬಂದಿದ್ದರು. ಇವರೆಲ್ಲರ ಮುಂದೆ ಜರ್ಮನಿಯವರು ಒಂದು ಚಿಕ್ಕ ಪತ್ರವನ್ನು ಓದಿ ಒಪ್ಪಿಸಿದರು. ಅದರ ತಾತ್ಪರ್ಯವೇನಂದರೆ, ನಮ್ಮಿಂದ ಅನೇಕ ಜನಾಂಗಗಳಿಗೆ ಮಿತಿಯಿಲ್ಲದ ದುಃಖವುಂಟಾಯಿತು. ನಮ್ಮ ಸಾಕ್ಷಿಯಲ್ಲಿ ಧೈರ್ಯವೂ ಪ್ರಾರ್ಥನೆಯಲ್ಲಿ ನಿಷ್ಠೆಯೂ ಪ್ರೀತಿಯಲ್ಲಿ ಉರಿಯೂ ಸಾಲದೆ ಹೋದವೆಂದು ನಮ್ಮ ಮೇಲೆ ನಾವೇ ದೂರು ಹೇಳುತ್ತೇವೆ ಎಂಬದೇ.

ಇದಕ್ಕೆ ರುಜು ಹಾಕಿದ ಹನ್ನೊಂದು ಮಂದಿಯಲ್ಲಿ ಮಾರ್ಟಿನ್ ನೀಮೊಲ್ಲರ್ ಎಂಬ ಬೋಧಕರು ಒಬ್ಬರು. ಹಿಟ್ಲರನನ್ನು ಎದುರಿಸಿದ್ದರಿಂದ ಅವರು 1937ರಿಂದ 1945ರ ವರೆಗೆ ಸೆರೆಯಲ್ಲಿದ್ದರು. ಇಂಥವರು ಯಾಕೆ ಅರಿಕೆಮಾಡಬೇಕು? ಬಿಡುಗಡೆಯಾದ ಮೇಲೆ ಅವರು ತಮ್ಮ ಹೆಂಡತಿಯ ಸಂಗಡ ದಾಖಾವು ಎಂಬ ಸೆರೆಶಿಬಿರಕ್ಕೆ ಹೋದರು. ತಾವೇ ಇದ್ದ ಸೆರೆಯದು. ಹೆಣಗಳನ್ನು ಸುಟ್ಟ ಸ್ಥಳದಲ್ಲಿ ಒಂದು ಹಲಗೆಯ ಮೇಲೆ 1933ರಿಂದ 1945ರ ವರೆಗೆ ಎಂದು ಬರೆದಿತ್ತು. ಸತ್ತವರ ಲೆಕ್ಕಕ್ಕಿಂತಲೂ ಆ ಮೊದಲನೆಯ ವರುಷವು ಅವರ ಎದೆಯನ್ನು ಚುಚ್ಚಿತು. 1937ರಿಂದೀಚೆಗೆ ಎಲ್ಲಿದ್ದಿ ಎಂದು ದೇವರು ಕೇಳಿದರೆ ಸೆರೆಯಲ್ಲಿದ್ದೆನೆಂದು ಹೇಳಬಹುದು. 1933ರಿಂದ ನಾಲ್ಕು ವರುಷ ಎಲ್ಲಿದ್ದಿ ಎಂದು ಕೇಳಿದರೆ? ಆ ಕಾಲದಲ್ಲಿ ಅವರು ಹೊರಗಿದ್ದರು. ಮೊದಲಲ್ಲಿ ಹಿಟ್ಲರನ ಪಕ್ಷವನ್ನು ಮೆಚ್ಚಿಕೊಂಡವರೂ ಆಗಿದ್ದರು. ಮೊದಲು ಹಿಡಿಯಲ್ಪಟ್ಟವರು ದೇವರನ್ನು ನಂಬದ ಕಮ್ಯೂನಿಸ್ಟರಾದ್ದರಿಂದ ಅವರಿಗೋಸ್ಕರ ಬಾಯಿ ತೆರೆದಿರಲಿಲ್ಲ. ಹೀಗೆ ಅವರು ಅರಿಕೆಮಾಡಿದ್ದು ಮತ್ತೊಬ್ಬರ ಕೊಲೆಯನ್ನಲ್ಲ, ತಮ್ಮ ಸ್ವಂತ ಮೌನವನ್ನೇ. ದಾನಿಯೇಲನ ನಾವು ಎಂಬ ಮಾತಿನ ಅರ್ಥವೂ ಹೀಗೆಯೇ ಎಂದು ನಮಗೆ ತೋರುತ್ತದೆ. ದೇಶದ ಪಾಪವು ನನ್ನ ಮನೆಯ ಅಂಗಳವನ್ನು ದಾಟಿ ಹೋಗುವಾಗ ನಾನು ಎಲ್ಲಿ ದಾರಿ ಬಿಟ್ಟೆನೆಂಬದನ್ನು ಹುಡುಕಿ ಹೇಳುವವನು ಸುಳ್ಳು ಹೇಳುವದಿಲ್ಲ.

ಆ ಪತ್ರವು ಪ್ರಕಟವಾದಾಗ ಜರ್ಮನಿಯಲ್ಲಿ ಅನೇಕರು ಸಿಟ್ಟಾದರು. ನಮ್ಮ ಪಟ್ಟಣಗಳನ್ನು ಸುಟ್ಟವರೂ ನಮ್ಮ ಜನರನ್ನು ಮನೆಗಳಿಂದ ಓಡಿಸಿದವರೂ ಅರಿಕೆಮಾಡಬೇಡವೋ, ನಾವು ಮಾತ್ರವೇಕೆ ಎಂದು ಕೇಳಿದರು. ಅವರ ಕಷ್ಟವು ನಿಜವಾಗಿತ್ತು. ಆದರೆ ಎದುರಾಳಿಯು ಮೊದಲು ಬಗ್ಗಲಿ ಎಂದು ಕಾದುಕೊಂಡಿರುವ ಇಬ್ಬರು ಅಣ್ಣತಮ್ಮಂದಿರು ಒಂದೇ ಮಾಳಿಗೆಯ ಕೆಳಗೆ ಎರಡು ಒಲೆ ಹೂಡಿ ಮುದುಕರಾಗುವದನ್ನು ನಮ್ಮ ಊರುಗಳಲ್ಲಿ ಯಾರು ನೋಡಿಲ್ಲ? ಪತ್ರದಲ್ಲಿ ಒಂದು ದೊಡ್ಡ ಕೊರತೆಯೂ ಇತ್ತು. ಎಲ್ಲರಿಗಿಂತ ಹೆಚ್ಚಾಗಿ ನಾಶವಾದ ಯೆಹೂದ್ಯರ ಹೆಸರೇ ಅದರಲ್ಲಿ ಇರಲಿಲ್ಲ. 1950ರಲ್ಲಿ ಬರ್ಲಿನಿನ ವೈಸೆನ್ಸೇ ಎಂಬಲ್ಲಿ ಕೂಡಿದ ಸಭಾಸಂಘವು ಆ ದೋಷವನ್ನು ಹೆಸರು ಹಿಡಿದು ಹೇಳಿತು. ಪಶ್ಚಾತ್ತಾಪವು ಒಂದೇ ರಾತ್ರಿಯಲ್ಲಿ ಬೆಳೆಯುವ ಪೈರಲ್ಲ.

ಅನ್ಯಾಯವನ್ನು ತಿಂದವರ ವಿಷಯವೇನು? ನಮ್ಮ ಸಭೆಗಳಲ್ಲಿ ಬಹುಜನರ ಪೂರ್ವಿಕರು ಊರಬಾವಿಯ ಹತ್ತಿರ ಬರಗೊಡಲ್ಪಡದವರು. ಅಂಥವರ ಮಕ್ಕಳಿಗೆ, ನಿಮ್ಮನ್ನು ತುಳಿದವರ ಪಾಪವನ್ನು ನೀವು ಅರಿಕೆಮಾಡಿರಿ ಎಂದು ಹೇಳುವದು ಕ್ರೂರತನವಲ್ಲವೋ? ಹಾಗೆ ಹೇಳುವ ಬೋಧಕನನ್ನು ನಾವು ಒಪ್ಪುವದಿಲ್ಲ. ದಕ್ಷಿಣ ಆಫ್ರಿಕದಲ್ಲಿ 1990ರ ನವೆಂಬರ್ ತಿಂಗಳಲ್ಲಿ ಸಭೆಗಳು ರಸ್ಟೆನ್‌ಬರ್ಗ್ ಎಂಬಲ್ಲಿ ಕೂಡಿದಾಗ, ಬಿಳಿಯರ ಡಚ್ ರಿಫಾರ್ಮ್ಡ್ ಸಭೆಯ ಪಂಡಿತರಾದ ವಿಲ್ಲೀ ಯೋಂಕರ್ ಎಂಬವರು ವರ್ಣಭೇದದ ಪಾಪದಲ್ಲಿ ತಮ್ಮ ಪಾಲನ್ನೂ ತಮ್ಮ ಸಭೆಯ ಪಾಲನ್ನೂ ಅರಿಕೆಮಾಡಿದರು. ಕರಿಯ ಜನರವರಾದ ಆರ್ಚ್‌ಬಿಷಪ್ ಡೆಸ್ಮಂಡ್ ಟೂಟು ಎದ್ದು ಆ ಅರಿಕೆಯನ್ನು ಅಂಗೀಕರಿಸಿದರು. ಅಲ್ಲಿ ಅರಿಕೆಯು ತುಳಿದವರ ಕಡೆಯಿಂದ, ಕ್ಷಮೆಯು ತುಳಿಯಲ್ಪಟ್ಟವರ ಕಡೆಯಿಂದ ಬಂತು. ಈ ಕ್ರಮವನ್ನು ತಲೆಕೆಳಗು ಮಾಡಬಾರದು. ಆದರೆ ತುಳಿಯಲ್ಪಟ್ಟವನು ಮನೆಗೆ ಬಂದು ತನಗಿಂತ ಕೀಳೆಂದು ಎಣಿಸುವ ಮತ್ತೊಬ್ಬನನ್ನು ತುಳಿದರೆ, ಆ ಒಂದು ವಿಷಯದಲ್ಲಿ ಅವನಿಗೂ ಅರಿಕೆಯುಂಟು. ನಮ್ಮಲ್ಲಿ ಕೆಲವರು ಜಾತಿಯನ್ನು ಕೆರಗಳ ಸಂಗಡ ದೇವಾಲಯದ ಬಾಗಲಲ್ಲಿ ಬಿಟ್ಟು, ಆರಾಧನೆ ಮುಗಿದ ಮೇಲೆ ತಪ್ಪದೆ ಮೆಟ್ಟಿಕೊಂಡು ಹೋಗುತ್ತಾರೆ. ಮದುವೆಯ ಮಾತು ಬಂದಾಗಲಂತೂ ಅದು ಚೆನ್ನಾಗಿ ಕಾಣುವದು. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ 17ನೆಯ ಅನುಚ್ಛೇದವು ಅಸ್ಪೃಶ್ಯತೆಯನ್ನು ತೆಗೆದುಹಾಕಿತು. ಆದರೆ ಸ್ಮಶಾನದ ಕತ್ತಾಳೆಯನ್ನು ಕಾಗದವು ತಾನಾಗಿ ಕೀಳಲಾರದು.

ಈಗ ಆ ಬೇಲಿಗೆ ಬರುವೆವು. ಪ್ರಾರ್ಥನೆಯ ದಿನದ ಸಾಯಂಕಾಲ ನಾವು ಆ ಹಿರಿಯರ ಸಂಗಡ ಸ್ಮಶಾನದಲ್ಲಿ ನಡೆಯುತ್ತಾ, ಇದನ್ನು ಹಾಕಿದವರು ಯಾರೆಂದು ಕೇಳಿದೆವು. “ನಮ್ಮ ಅಜ್ಜಂದಿರು, ಅಯ್ಯನವರೇ, ನಾವು ಹುಟ್ಟುವದಕ್ಕೆ ಮುಂಚೆಯೇ ಇತ್ತು” ಅಂದರು. ಅದು ನಿಜವೇ. ನಾವು ಸಹ ಆ ಊರಿಗೆ ಎಷ್ಟೋ ಸಾರಿ ಹೋಗಿ, ಬೇಲಿಯ ಈಚೆಗೂ ಆಚೆಗೂ ನಿಂತು ಸತ್ತವರನ್ನು ಮಣ್ಣಿಗೆ ಒಪ್ಪಿಸಿದ್ದೆವು. ಒಂದು ಸಾರಿಯೂ ಅದರ ಮಾತನ್ನು ಎತ್ತಿರಲಿಲ್ಲ. ಆದರೆ ಕತ್ತಾಳೆಯು ಅಜ್ಜನ ಕಾಲದಿಂದ ಮೊಮ್ಮಗನ ಕಾಲದ ವರೆಗೆ ನಿಲ್ಲುವ ಗಿಡವಲ್ಲ. ಒಮ್ಮೆ ಹೂವಿನ ಕಂಬವನ್ನು ಎತ್ತಿತೆಂದರೆ ಒಣಗಿ ಸಾಯುವದು. ಈ ಬೇಲಿಯಲ್ಲಿ ಒಂದು ಸಂದೂ ಇರಲಿಲ್ಲ. ಸತ್ತ ಗಿಡದ ಸ್ಥಳದಲ್ಲಿ ಹೊಸ ಮರಿಯನ್ನು ನೆಡುವವರು ಯಾರೆಂದು ನಾವು ಕೇಳಿದೆವು. ಹಿರಿಯರು ತಲೆಯ ರುಮಾಲನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ನಿಂತರು.

“ನಾವೇ, ಅಯ್ಯನವರೇ. ವರುಷ ವರುಷ, ಮೊದಲ ಮಳೆ ಬಿದ್ದ ಮೇಲೆ.”