ಬಲವಂತದ ಗ್ಲಾಸು

ನಮ್ಮ ಊಟಗಳಲ್ಲಿ ಬಲವಂತಕ್ಕೆ ಒಂದು ಮರ್ಯಾದೆಯಿದೆ. ಎಲೆಯ ಮುಂದೆ ಕೂತವರು ಸಾಕೆಂದು ಕೈ ಅಡ್ಡ ಹಿಡಿದರೆ ಬಡಿಸುವವರು ಅದನ್ನು ಸಂಕೋಚವೆಂದೇ ತಿಳಿದು ಬೆರಳ ಸಂದಿಯಲ್ಲೇ ಇನ್ನೊಂದು ಹೋಳಿಗೆ ಜಾರಿಸುತ್ತಾರೆ. ಹೇಳಿಸಿಕೊಂಡು ಒಪ್ಪುವುದು ಅತಿಥಿಯ ಲಕ್ಷಣ, ಬಿಡದೆ ಹೇಳುವುದು ಮನೆಯವರ ಲಕ್ಷಣ. ಬೀಗರ ಊಟದಲ್ಲಂತೂ, ಮಂಡ್ಯ ಮೈಸೂರು ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಈ ಉಪಚಾರ ಎಲೆಗಷ್ಟೇ ನಿಲ್ಲುವುದಿಲ್ಲ. ಮನೆಯ ಹಿತ್ತಲಲ್ಲೋ ತೋಟದ ಪಂಪ್‌ಸೆಟ್ಟಿನ ಪಕ್ಕದಲ್ಲೋ ಇನ್ನೊಂದು ಪಂಕ್ತಿ ನಡೆಯುತ್ತಿರುತ್ತದೆ. ಅಲ್ಲಿಯೂ ಬೇಡ ಎಂದವರ ಮಾತನ್ನು ಯಾರೂ ನಂಬುವುದಿಲ್ಲ. ಇದೆಲ್ಲ ಪ್ರೀತಿಯಿಂದ ನಡೆಯುವುದೇ. ಆದರೆ ಈಚಿನ ವರ್ಷಗಳಲ್ಲಿ ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡವರೂ ನಮ್ಮ ಪಂಕ್ತಿಗಳಲ್ಲಿ ಬಂದು ಕೂರುತ್ತಿದ್ದಾರೆ. ಅವರ ವಿಷಯದಲ್ಲಿ ಈ ಪ್ರೀತಿಯ ರೀತಿಯನ್ನು ನಾವು ಕೊಂಚ ತಿದ್ದಿಕೊಳ್ಳಬೇಕಾಗಿದೆ.

ಬೆಂಗಳೂರಿನಲ್ಲಷ್ಟೇ ಅಲ್ಲ, ಮೈಸೂರು, ಮಂಗಳೂರು, ಹುಬ್ಬಳ್ಳಿಗಳಲ್ಲೂ ಈಗ ಈ ಶಸ್ತ್ರಚಿಕಿತ್ಸೆ ನಡೆಯುತ್ತದೆ. ಮೈಭಾರಕ್ಕೆ ಮಂಡಿ ಸವೆದವರು, ಶುಗರ್, ಬಿ.ಪಿ., ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆಗಳಿಂದ ಸೋತವರು ಪಥ್ಯ, ವ್ಯಾಯಾಮ ಎಲ್ಲ ಮಾಡಿ ನೋಡಿ ಕೊನೆಗೆ ಈ ದಾರಿ ಹಿಡಿಯುತ್ತಾರೆ. ಹೆಚ್ಚಾಗಿ ನಡೆಯುವುದು ಎರಡು ಬಗೆ. ಸ್ಲೀವ್ ಎಂಬುದರಲ್ಲಿ ಜಠರದ ಸುಮಾರು ಮುಕ್ಕಾಲು ಭಾಗವನ್ನು ಕತ್ತರಿಸಿ ತೆಗೆದು, ಉಳಿದದ್ದನ್ನು ಕೊಳವೆಯ ಆಕಾರಕ್ಕೆ ತರುತ್ತಾರೆ. ಬೈಪಾಸ್‌ನಲ್ಲಿ ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿ.ಲೀ. ಹಿಡಿಯುವ ಪುಟ್ಟ ಚೀಲವೊಂದನ್ನು ಬೇರ್ಪಡಿಸಿ, ಸಣ್ಣ ಕರುಳಿಗೆ ನೇರ ಜೋಡಿಸುತ್ತಾರೆ. ಬಾರಿನಲ್ಲಿ ‘ಸ್ಮಾಲ್’ ಅಂದರೆ ಅಳೆದು ಹುಯ್ಯುವುದೂ ಅಷ್ಟೇ, 30 ಮಿ.ಲೀ.

ನಮ್ಮ ಹೊಟ್ಟೆಯಲ್ಲಿ ಜಠರದ ಕೆಲಸ ಕೆರೆಯ ತೂಬಿನದು. ಬಂದದ್ದನ್ನು ತಡೆದು ನಿಲ್ಲಿಸಿಕೊಂಡು ಗದ್ದೆಗೆ ಬೇಕಾದಷ್ಟೇ ಬಿಡುತ್ತದೆ. ಕುಡಿದ ಮದ್ಯ ಬಹುಪಾಲು ರಕ್ತಕ್ಕೆ ಸೇರುವುದು ಸಣ್ಣ ಕರುಳಿನಲ್ಲಿ. ಹೊಟ್ಟೆಯಲ್ಲಿ ಊಟವಿದ್ದರೆ ಅದು ಕರುಳಿಗೆ ಇಳಿಯುವುದೂ ನಿಧಾನ. ಮದ್ಯವನ್ನು ಒಡೆಯುವ ಕಿಣ್ವ ಜಠರದ ಒಳಪದರದಲ್ಲೇ ಸ್ವಲ್ಪ ಇರುತ್ತದೆ, ಅದೂ ತನ್ನ ಪಾಲಿನ ಕೆಲಸ ಮಾಡುತ್ತದೆ. ಆಪರೇಷನ್ ಆದವರಲ್ಲಿ ಈ ತಡೆಗಳೆಲ್ಲ ಕಡಿಮೆಯಾಗಿ ಗ್ಲಾಸಿನಲ್ಲಿದ್ದದ್ದು ಹೆಚ್ಚುಕಡಿಮೆ ನೇರವಾಗಿ ಕರುಳಿಗೆ ನುಗ್ಗುತ್ತದೆ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಬೈಪಾಸ್ ಆದ ಹೆಂಗಸರಿಗೂ ಇನ್ನೂ ಆಗಬೇಕಿದ್ದ ಹೆಂಗಸರಿಗೂ ಸುಮಾರು ಎರಡು ಡ್ರಿಂಕಿನಷ್ಟು ಮದ್ಯ ಕೊಟ್ಟು ರಕ್ತ ಪರೀಕ್ಷಿಸಿ, 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಆಪರೇಷನ್ ಆದವರ ರಕ್ತದಲ್ಲಿ ಮದ್ಯದ ಮಟ್ಟ ಇತರರಿಗಿಂತ ಎರಡರಷ್ಟು ಮೇಲೇರಿತ್ತು, ಅದೂ ಕೆಲವೇ ನಿಮಿಷಗಳಲ್ಲಿ. ಎರಡು ಕುಡಿದರೆ ನಾಲ್ಕು ಕುಡಿದ ಲೆಕ್ಕ. ಸ್ಲೀವ್ ಆದವರದೂ ಇದೇ ಕಥೆ ಎಂದು 2018ರ ಇನ್ನೊಂದು ಅಧ್ಯಯನ ತೋರಿಸಿತು. ಪೊಲೀಸರು ಬಾಯಿಗೆ ಹಿಡಿದು ಊದಿಸುವಂಥ ಯಂತ್ರ ಇಂಥವರ ರಕ್ತದಲ್ಲಿರುವುದಕ್ಕಿಂತ ಕಡಿಮೆ ತೋರಿಸುತ್ತದೆ ಎಂಬುದೂ ಅದರಲ್ಲಿ ಗೊತ್ತಾಯಿತು. ಗಾಡಿ ಓಡಿಸುವವರ 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂಗಿಂತ ಹೆಚ್ಚು ಮದ್ಯಸಾರ ಇರಬಾರದೆಂಬುದು ನಮ್ಮ ಕಾನೂನು. ಹಿಂದೆ ಇಷ್ಟು ಕುಡಿದರೆ ಏನೂ ಆಗುತ್ತಿರಲಿಲ್ಲ ಎಂಬ ಹಳೆಯ ಲೆಕ್ಕವನ್ನು ನಂಬಿ ಬೈಕ್ ಏರುವವರು ತಮ್ಮ ಜೀವವನ್ನಷ್ಟೇ ಅಲ್ಲ, ಎದುರು ಬರುವವರ ಜೀವವನ್ನೂ ಪಣಕ್ಕಿಡುತ್ತಾರೆ.

ದೇಹದ ಲೆಕ್ಕ ಇಷ್ಟು. ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಇನ್ನೊಂದು ಲೆಕ್ಕ. ಅಮೆರಿಕದ ಹತ್ತು ಆಸ್ಪತ್ರೆಗಳಲ್ಲಿ ಈ ಚಿಕಿತ್ಸೆ ಪಡೆದ ಸುಮಾರು ಎರಡು ಸಾವಿರ ಮಂದಿಯ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ಆಪರೇಷನ್ನಿನ ಹಿಂದಿನ ವರ್ಷ ಅವರಲ್ಲಿ ಕುಡಿತದ ಕಾಯಿಲೆಯಿದ್ದವರು ಶೇ 7.6. ಆದ ಮೊದಲ ವರ್ಷ ಶೇ 7.3, ಅಂದರೆ ಏರಿಕೆಯೇ ಇಲ್ಲ. ಎರಡನೆಯ ವರ್ಷಕ್ಕೆ ಅದು ಶೇ 9.6ಕ್ಕೆ ಹೋಯಿತು. ಅದೇ ತಂಡ ಇನ್ನೂ ಮುಂದಕ್ಕೆ ನೋಡುತ್ತಾ ಹೋದಾಗ, ಬೈಪಾಸ್ ಆದವರಲ್ಲಿ ಐವರಿಗೊಬ್ಬರಂತೆ ಐದು ವರ್ಷದೊಳಗೆ ಕುಡಿತದ ಕಾಯಿಲೆಯ ಲಕ್ಷಣ ತೋರಿದ್ದರು. ಮೊದಲ ವರ್ಷ ಮನೆಯೆಲ್ಲ ಕಾವಲಿರುತ್ತದೆ. ಗೋಡೆಗೆ ಪಥ್ಯದ ಪಟ್ಟಿ ಅಂಟಿಸಿರುತ್ತಾರೆ, ಪ್ರೋಟೀನ್ ಪುಡಿಯ ಡಬ್ಬ ಅಡುಗೆಮನೆಯಲ್ಲಿ ಮುಂದುಗಡೆಯೇ ಇರುತ್ತದೆ, ವಾರ ವಾರ ತೂಕ ನೋಡುತ್ತಾರೆ. ಆರು ತಿಂಗಳೋ ಒಂದು ವರ್ಷವೋ ಮದ್ಯ ಮುಟ್ಟಬೇಡಿ ಎಂದು ಡಾಕ್ಟರು ಹೇಳಿರುತ್ತಾರೆ. ನಾವು ಅದನ್ನು ಒಂದು ವ್ರತದ ಅವಧಿಯೆಂದು ತಿಳಿದು, ವರ್ಷ ತುಂಬಿತಲ್ಲ, ಇನ್ನು ಪರವಾಗಿಲ್ಲ ಎನ್ನುತ್ತೇವೆ. ಹೊಸ ಅಂಗಿ ಹೊಲಿಸಿ, ಎಲ್ಲರೂ ಭೇಷ್ ಎನ್ನುತ್ತಿರುವ ಆ ಹೊತ್ತಿಗೇ ಅಪಾಯ ತಲೆ ಎತ್ತುತ್ತದೆ. ಊಟ ಬಿಟ್ಟವನು ಬಾಟಲಿ ಹಿಡಿದ ಎಂದು ಜನ ಸುಲಭವಾಗಿ ಆಡಿಬಿಡುತ್ತಾರೆ. ನನಗೆ ಅದು ಅನ್ಯಾಯದ ಮಾತು ಎನಿಸುತ್ತದೆ. ಮದ್ಯ ಇಷ್ಟು ಬೇಗ, ಇಷ್ಟು ಜೋರಾಗಿ ಮಿದುಳಿಗೆ ಏರುವ ದೇಹದಲ್ಲಿ ಚಟ ಅಂಟುವುದಕ್ಕೆ ಮನಸ್ಸಿನ ದೌರ್ಬಲ್ಯವೇ ಬೇಕೆಂದಿಲ್ಲ.

ಅಂಥ ತೊಂದರೆಗೆ ಯಾರು ಹೆಚ್ಚು ಈಡಾಗುತ್ತಾರೆ ಎಂಬುದನ್ನೂ ಆ ಅಧ್ಯಯನ ಪಟ್ಟಿ ಮಾಡಿತ್ತು. ಗಂಡಸರು, ಚಿಕ್ಕ ವಯಸ್ಸಿನವರು, ಸಿಗರೇಟು ಸೇದುವವರು, ಮೊದಲಿಂದ ಕುಡಿಯುತ್ತಿದ್ದವರು, ಇವೆಲ್ಲ ಊಹಿಸಬಹುದಾದವೇ. ಪಟ್ಟಿಯಲ್ಲಿ ಇನ್ನೊಂದಿತ್ತು: ನನಗೆ ನನ್ನವರು ಅಂತ ಇದ್ದಾರೆ, ನಾನೂ ನಾಲ್ಕು ಜನರಲ್ಲಿ ಒಬ್ಬ ಎಂಬ ಭಾವ ಕಡಿಮೆ ಇದ್ದವರು. ಡುಮ್ಮ, ಡುಮ್ಮಿ ಎಂದು ಶಾಲೆಯಿಂದ ಮದುವೆಮನೆಯವರೆಗೆ ಕರೆಸಿಕೊಂಡು ಬೆಳೆದವರು, ಫೋಟೋ ತೆಗೆಯುವಾಗ ಹಿಂದಿನ ಸಾಲಿಗೆ ಸರಿದು ನಿಂತವರು ನಮ್ಮ ನೆಂಟರಲ್ಲೇ ಎಷ್ಟು ಮಂದಿ! ಅವರು ಮೊದಲ ಸಲ ಹಗುರಾಗಿ ನಾಲ್ವರ ನಡುವೆ ಬಂದು ಕೂತಾಗ, ಆ ನಾಲ್ವರು ಮೊದಲು ಮುಂದಿಡುವುದು ಗ್ಲಾಸು. ಒಲ್ಲೆ ಎಂದರೆ ಮತ್ತೆ ಹೊರಗಿನವರಾಗಿಬಿಡುತ್ತೇವೆಂಬ ಭಯ ಅವರಿಗೆ. ಆಪತ್ತು ಇರುವುದು ಇಲ್ಲಿ, ಇದನ್ನು ತಡೆಯುವ ಶಕ್ತಿ ಇರುವುದು ನಮ್ಮ ಕೈಯಲ್ಲಿ.

ಒಂದು ಬೀಗರ ಊಟದಲ್ಲಿ ನೋಡಿದ್ದನ್ನು ಹೇಳಬೇಕು. ಸ್ಲೀವ್ ಮಾಡಿಸಿಕೊಂಡ ನಡುವಯಸ್ಸಿನವರೊಬ್ಬರು ಮೂಲೆಯ ಕುರ್ಚಿಯಲ್ಲಿದ್ದರು. ತಟ್ಟೆಯಲ್ಲಿ ಎರಡು ತುಂಡು ಕೋಳಿ. ಅದನ್ನು ಬೆರಳಲ್ಲಿ ಎಳೆ ಎಳೆಯಾಗಿ ಬಿಡಿಸಿ, ಒಂದೊಂದೇ ಬಾಯಿಗಿಟ್ಟು, ಕಣ್ಣು ಅರೆಮುಚ್ಚಿ ಅಗಿಯುತ್ತಿದ್ದರು. ನೀರಿನ ಲೋಟ ದೂರವಿಟ್ಟಿದ್ದರು, ಊಟದ ಜೊತೆ ನೀರು ಕುಡಿಯುವಂತಿಲ್ಲ. ಬಾಮೈದ ಬಂದು ಭುಜದ ಮೇಲೆ ಕೈ ಹಾಕಿದ. “ಏನ್ ಭಾವ, ತೆಳ್ಳಗಾದ ಮೇಲೆ ನಮ್ಮನ್ನೆಲ್ಲ ಮರೆತೇಬಿಟ್ರಾ? ಒಂದೇ ಒಂದು ನೈಂಟಿ. ನಮ್ಮನೆ ಮರ್ಯಾದೆ ಭಾವ.” ಅವರು ನಕ್ಕರು, ಬೇಡ ಎಂದರು, ಮತ್ತೆ ನಕ್ಕರು. ಮೂರನೆಯ ಸಲಕ್ಕೆ ನಗು ಸೋತಿತ್ತು, ಕೈ ಗ್ಲಾಸಿನ ಕಡೆ ಹೋಗುತ್ತಿತ್ತು. ಅಷ್ಟರಲ್ಲಿ ಮನೆಯ ಹಿರಿಯಾಕೆ, ಆ ಹುಡುಗನ ದೊಡ್ಡಮ್ಮ, ತಿಳಿ ಮಜ್ಜಿಗೆಯ ಲೋಟ ಹಿಡಿದು ಬಂದರು. “ಅವರಿಗೆ ನಾನು ತಂದಿದ್ದೀನಿ, ಊಟ ಆದ್ಮೇಲೆ ನಿಧಾನಕ್ಕೆ ಕುಡೀಲಿ. ನೀನು ಹೋಗಪ್ಪ, ಆ ಕಡೆ ಎಲೆಗೆ ಸಾರು ಬಂದಿಲ್ಲ ನೋಡು” ಎಂದು ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತು, ಮಗಳ ಓದಿನ ವಿಚಾರ ಕೇಳತೊಡಗಿದರು. ಕಾರಣ ಕೇಳಲಿಲ್ಲ, ಆಪರೇಷನ್ನಿನ ಮಾತೆತ್ತಲಿಲ್ಲ, ಬುದ್ಧಿ ಹೇಳಲಿಲ್ಲ. ಆ ಮನುಷ್ಯ ಊಟ ಮುಗಿಯುವವರೆಗೂ ಆಕೆಯ ಜೊತೆ ಮಾತಾಡುತ್ತಲೇ ಇದ್ದರು. ಆತಿಥ್ಯ ಅಂದರೆ ಅದು ಎಂದು ನನಗನ್ನಿಸಿತು.

ಮನೆಯವರು ತಿಳಿದಿರಬೇಕಾದದ್ದು ಇನ್ನೂ ಕೆಲವಿವೆ. ಮದ್ಯದ ಬದಲು ಸೋಡಾ, ಕೂಲ್‌ಡ್ರಿಂಕ್ ಕೊಟ್ಟರೆ ಉಪಕಾರವಾಗುವುದಿಲ್ಲ. ಈ ಹೊಟ್ಟೆಗೆ ಅವೂ ಒಗ್ಗುವುದಿಲ್ಲ. ಮದ್ಯ ಒಳಗಿದ್ದಾಗ ಯಕೃತ್ತು ಅದನ್ನು ಕರಗಿಸುವುದರಲ್ಲೇ ತೊಡಗಿ ರಕ್ತಕ್ಕೆ ಸಕ್ಕರೆ ಬಿಡುವುದನ್ನು ಹಿಂದೆ ಹಾಕುತ್ತದೆ. ಊಟವೇ ಕಡಿಮೆ ಇರುವವರಿಗೆ ಇದರಿಂದ ಸಕ್ಕರೆ ಅಂಶ ಕುಸಿದು, ಬೆವರಿ, ನಡುಗಿ, ತಲೆ ಸುತ್ತಿ ಬೀಳುವುದುಂಟು. ಜೊತೆಯಲ್ಲಿದ್ದವರು ಜಾಸ್ತಿಯಾಗಿದೆ, ಮಲಗಿಸಿ ಎನ್ನುತ್ತಾರೆ. ಹಾಗೆ ಮಲಗಿಸಿ ಬಿಡಬಾರದು. ಎಬ್ಬಿಸಿದರೆ ಸರಿಯಾಗಿ ಎಚ್ಚರವಾಗದಿದ್ದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು, ತೂಕದ ಆಪರೇಷನ್ ಆಗಿದೆ ಎಂಬುದನ್ನು ಮೊದಲು ಹೇಳಬೇಕು. ಇಂಥವರಿಗೆ ಬಿ12, ಕಬ್ಬಿಣ, ಕ್ಯಾಲ್ಸಿಯಂ, ಥಯಾಮಿನ್ ಮಾತ್ರೆಗಳು ಜೀವನಪೂರ್ತಿ ಬೇಕು. ಕುಡಿತ ಸೇರಿದರೆ ಥಯಾಮಿನ್ ಬೇಗ ಬರಿದಾಗುತ್ತದೆ; ಆಗ ನಡಿಗೆ ತಪ್ಪಿ, ಎರಡೆರಡು ಕಂಡು, ನೆನಪು ಕದಡುವ ಸ್ಥಿತಿ ಬರಬಹುದು. ಅದನ್ನೂ ಅಮಲೆಂದು ತಿಳಿದು ಕಾಯುತ್ತಾ ಕೂತರೆ ಮಿದುಳಿಗೆ ಆದ ಹಾನಿ ಮತ್ತೆ ಸರಿಹೋಗದೆ ಉಳಿಯಬಹುದು.

ಆಪರೇಷನ್ನಿಗೆ ಹೋಗುವ ಮೊದಲೇ ಎಷ್ಟು ಕುಡಿಯುತ್ತಿದ್ದೆವೆಂಬುದನ್ನು ಮುಚ್ಚಿಡದೆ ಡಾಕ್ಟರಿಗೆ ಹೇಳುವುದು ಅರ್ಧ ಚಿಕಿತ್ಸೆ. ಗಂಡಸರು ಕಡಿಮೆ ಮಾಡಿ ಹೇಳುತ್ತಾರೆ, ಹೆಂಗಸರು ಹೇಳುವುದೇ ಇಲ್ಲ. ಹೆಂಗಸರ ಮೌನಕ್ಕೆ ನಾವು ಇಟ್ಟಿರುವ ನಾಚಿಕೆಯೇ ಕಾರಣ. ಚಟ ಹಿಡಿದಿದ್ದವರಿಗೆ ಮುಂದೆ ಒಂದು ಗ್ಲಾಸೂ ಕ್ಷೇಮವಲ್ಲ. ಈಗಾಗಲೇ ಕೈ ಮೀರುತ್ತಿದೆ ಎನಿಸಿದವರು ಶಸ್ತ್ರಚಿಕಿತ್ಸೆ ಮಾಡಿದ ಡಾಕ್ಟರ ಬಳಿ ಹಿಂಜರಿಯದೆ ಹೋಗಿ ಹೇಳಿಕೊಳ್ಳಲಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಅಷ್ಟು ದೂರ ಹೋಗಲಾಗದವರಿಗೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯಿದೆ. ಸಂಖ್ಯೆ 14416, ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.