ಹೋದವರ ಪರವಾಗಿ ಸಾಕ್ಷಿ

ಸತ್ತವರ ಬಗ್ಗೆ ಕೆಟ್ಟ ಮಾತಾಡಬಾರದು ಎಂಬ ಹಳೆಯ ನಿಯಮವನ್ನು ನಾವೀಗ ಬಾಯಿ ಮುಚ್ಚಿಸುವುದಕ್ಕೆ ಬಳಸುತ್ತಿದ್ದೇವೆ. ಅಧಿಕಾರದಲ್ಲಿದ್ದವರು ತೀರಿಕೊಂಡ ದಿನ, ಅವರ ಕಾಲದ ಒಂದು ತೀರ್ಮಾನದಿಂದ ಜಮೀನು ಕಳೆದುಕೊಂಡವನು ಆ ಸಂಗತಿ ಎತ್ತಿದರೆ ನಾಲ್ಕು ಜನ ಅವನನ್ನು ಗದರುತ್ತಾರೆ. ಮನೆಗಳಲ್ಲೂ ಇದೇ ನಡೆದಿದೆ. ವೈಕುಂಠ ಸಮಾರಾಧನೆಯಿರಲಿ, ಶಿವಗಣಾರಾಧನೆಯಿರಲಿ, ಮೈಕು ಕೈಗೆ ಬಂದವರೆಲ್ಲ ಅಜಾತಶತ್ರು, ಮೃದುಭಾಷಿ, ತುಂಬಲಾರದ ನಷ್ಟ ಎಂದು ಹೇಳಿ ಬಂದು ಕೂರುತ್ತಾರೆ. ಹಾರ ಹಾಕಿದ ಫೋಟೊದಲ್ಲಿ ಯಾರೇ ಇರಲಿ, ಆ ಮಾತು ನಡೆಯುತ್ತದೆ. ಹತ್ತಿರದವರನ್ನು ಕಳೆದುಕೊಂಡವರಿಗೆ ಇದು ಮಾಡುವ ಅನ್ಯಾಯವನ್ನು ನೋಡಿ ನೋಡಿ, ಈ ನಿಯಮ ನಿಜವಾಗಿ ಏನನ್ನು ಕೇಳುತ್ತದೆ ಎಂದು ಬಿಡಿಸಿ ಹೇಳಬೇಕೆನಿಸಿದೆ.

ಈ ಮಾತು ಗ್ರೀಸಿನ ಸಪ್ತಜ್ಞಾನಿಗಳಲ್ಲಿ ಒಬ್ಬನಾದ, ಸ್ಪಾರ್ಟಾದ ಕೀಲೋನನ ಹೆಸರಿನಲ್ಲಿ ಉಳಿದುಬಂದಿದೆ. ಅವನು ಬೇಡವೆಂದದ್ದು ನಿಂದೆಯನ್ನು. ಹೊಗಳಲೇಬೇಕೆಂದು ಅವನೇನೂ ಕಟ್ಟು ಹಾಕಲಿಲ್ಲ. ನಿಂದೆ ಏಕೆ ಬೇಡ? ಹೋದವರು ಎದ್ದು ಬಂದು ಉತ್ತರ ಕೊಡಲಾರರು, ಎದುರಾಡಲಾಗದವರ ಮೇಲೆ ಮಾತಿನ ಕಲ್ಲು ಎಸೆಯುವುದು ಹೇಡಿತನ. ಈ ಕಾರಣವನ್ನು ಎಲ್ಲರೂ ಒಪ್ಪುತ್ತಾರೆ, ಆದರೆ ಪೂರ್ತಿ ಯೋಚಿಸುವುದಿಲ್ಲ. ‘ನಾನು ಹಾಗೆ ಮಾಡಲಿಲ್ಲ’ ಎನ್ನಲಾರದವರು ‘ನಾನು ಅಷ್ಟು ಒಳ್ಳೆಯವನಾಗಿರಲಿಲ್ಲ ಕಣಪ್ಪ’ ಎಂದೂ ಹೇಳಲಾರರು. ಬದುಕಿದ್ದಾಗ ಯಾರಾದರೂ ಅಜಾತಶತ್ರು ಎಂದಿದ್ದರೆ ಕೈಯಾಡಿಸಿ ನಕ್ಕುಬಿಡುತ್ತಿದ್ದ ಮನುಷ್ಯ ಈಗ ಸುಮ್ಮನೆ ಅದನ್ನು ಹೊತ್ತುಕೊಳ್ಳಬೇಕು. ಉತ್ತರ ಕೊಡಲಾರರು ಎಂಬ ಕಾರಣಕ್ಕೆ ನಿಂದೆ ತಪ್ಪಾದರೆ, ಅದೇ ಕಾರಣಕ್ಕೆ ಹುಸಿ ಹೊಗಳಿಕೆಯೂ ತಪ್ಪು.

ಹಾಗಾದರೆ ಏನು ಹೇಳಬೇಕು? ಇಲ್ಲಿ ಹೊಗಳಿಕೆಗೂ ಸಾಕ್ಷಿಗೂ ಇರುವ ವ್ಯತ್ಯಾಸವನ್ನು ಹಿಡಿಯಬೇಕು. ಹೊಗಳಿಕೆಯನ್ನು ಯಾರು ಬೇಕಾದರೂ ಯಾರ ಬಗ್ಗೆ ಬೇಕಾದರೂ ಆಡಬಹುದು, ಅದಕ್ಕೆ ಆ ಮನುಷ್ಯನ ಪರಿಚಯವೇ ಬೇಡ. ಸಾಕ್ಷಿ ಹೇಳಲು ಅಲ್ಲಿ ಇದ್ದಿರಬೇಕು, ಕಣ್ಣಾರೆ ಕಂಡಿರಬೇಕು. ಹೊಗಳಿಕೆಯಲ್ಲಿ ಹೆಸರು ಬದಲಿಸಿದರೂ ವಾಕ್ಯ ನಿಲ್ಲುತ್ತದೆ, ಸಾಕ್ಷಿಯಲ್ಲಿ ಹೆಸರು ಬದಲಿಸಿದರೆ ವಾಕ್ಯ ಸುಳ್ಳಾಗುತ್ತದೆ. ‘ದಾನಶೀಲರಾಗಿದ್ದರು’ ಎನ್ನುವುದು ಹೊಗಳಿಕೆ. ‘ಕೊಟ್ಟ ಸಾಲ ವಾಪಸು ಕೇಳಲು ನಾಚಿ, ಸಾಲಗಾರನ ಮನೆಯಿದ್ದ ಬೀದಿಗೆ ಹೋಗುವುದನ್ನೇ ಬಿಟ್ಟಿದ್ದರು’ ಎನ್ನುವುದು ಸಾಕ್ಷಿ. ಎರಡನೆಯದರಲ್ಲಿ ಗುಣದ ಜೊತೆ ಒಂದು ದೌರ್ಬಲ್ಯವೂ ಇದೆ, ಆದ್ದರಿಂದಲೇ ನಂಬಿಕೆ ಬರುತ್ತದೆ. ಗುಣವನ್ನಷ್ಟೇ ಕಂಡಿದ್ದೇನೆ ಎನ್ನುವವನು ಹತ್ತಿರದಿಂದ ನೋಡಿಲ್ಲ.

ಸಂಬಂಧಿಕರ ಮನೆಯೊಂದರಲ್ಲಿ, ಹನ್ನೆರಡನೆಯ ದಿನ, ಹಿರಿಯರೆಲ್ಲ ಮಾತಾಡಿ ಮುಗಿಸಿದ ಮೇಲೆ ಸೊಸೆ ಎದ್ದು ನಿಂತರು. ‘ನಮ್ಮತ್ತೆ ನನ್ನ ಜೊತೆ ಎರಡು ವರ್ಷ ಮಾತು ಬಿಟ್ಟಿದ್ರು. ಆದ್ರೆ ಆ ಎರಡು ವರ್ಷವೂ ಬೆಳಿಗ್ಗೆ ನಾನು ಏಳೋ ಹೊತ್ತಿಗೆ ನನ್ನ ಕಾಫಿ ಲೋಟದ ಮೇಲೆ ತಟ್ಟೆ ಮುಚ್ಚಿ ಇಟ್ಟಿರ್ತಿದ್ರು’ ಎಂದರು. ಅಷ್ಟೇ. ಹಿಂದಿನ ಸಾಲಿನಲ್ಲಿ ಯಾರೋ ಗೊಣಗಿದರು, ಮಾತು ಬಿಟ್ಟಿದ್ದನ್ನು ಯಾಕೆ ಹೇಳಬೇಕಿತ್ತು ಎಂದು. ಹೇಳಲೇಬೇಕಿತ್ತು. ಅದನ್ನು ತೆಗೆದರೆ ಕಾಫಿ ಬರಿಯ ಕಾಫಿಯಾಗುತ್ತದೆ. ಆ ಮುದುಕಿಯ ಹಟವೂ, ಹಟದೊಳಗೇ ಉಳಿದಿದ್ದ ಕರುಳೂ ಒಂದೇ ಲೋಟದಲ್ಲಿ ಕಾಣಿಸಿದವು. ಆವತ್ತು ಮಾತಾಡಿದವರಲ್ಲಿ ಆಕೆಯನ್ನು ಆ ಕೋಣೆಗೆ ಕರೆತಂದವರು ಈ ಸೊಸೆ ಒಬ್ಬರೇ.

ರೋಮನ್ನರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತಿತ್ತು, ಅದನ್ನು ಮರೆತಾಗ ಆಗುವ ಹಾನಿಯೂ ಗೊತ್ತಿತ್ತು. ಪ್ರತಿಷ್ಠಿತರ ಶವವನ್ನು ಫೋರಂನ ಭಾಷಣ ವೇದಿಕೆಗೆ ತಂದು, ಮಗನೋ ಹತ್ತಿರದ ಬಂಧುವೋ ಮಾತಾಡುತ್ತಿದ್ದುದನ್ನು ಇತಿಹಾಸಕಾರ ಪಾಲಿಬಿಯಸ್ ವರ್ಣಿಸಿದ್ದಾನೆ. ಆ ಮನೆತನದ ಪೂರ್ವಜರ ಮುಖವಾಡ ಧರಿಸಿದವರು ಎದುರಿಗೆ ಕೂತಿರುತ್ತಿದ್ದರು. ಮುಂದೆ ವಾಗ್ಮಿ ಸಿಸಿರೋ ದೂರಿದ್ದು ಹೀಗೆ: ಇಂಥ ಭಾಷಣಗಳಲ್ಲಿ ನಡೆಯದ ವಿಜಯೋತ್ಸವಗಳು, ಸಿಗದ ಪದವಿಗಳು ಸೇರಿಕೊಂಡು ರೋಮಿನ ಇತಿಹಾಸವೇ ಕೆಟ್ಟಿತು. ಇತಿಹಾಸಕಾರ ಲಿವಿಯೂ ಇದನ್ನೇ ಹೇಳಿದ. ಮನೆಯವರನ್ನು ಸಮಾಧಾನಪಡಿಸಲು ಆಡಿದ ಸುಳ್ಳು ಊರಿನ ನೆನಪಿಗೇ ವಿಷವಾಯಿತು.

ಆದರೆ ಅದೇ ರೋಮಿನಿಂದ ಕ್ರಿ.ಪೂ. 1ನೇ ಶತಮಾನದ ಕೊನೆಯ ಒಂದು ಶಾಸನ ನಮಗೆ ಸಿಕ್ಕಿದೆ, ತುಂಡು ತುಂಡಾಗಿ. ಹೆಂಡತಿಯನ್ನು ಕಳೆದುಕೊಂಡ ಗಂಡನ ಮಾತು ಅದು. ವಿದ್ವಾಂಸರು ಆಕೆಯನ್ನು ತೂರಿಯಾ ಎಂದು ಕರೆದರೂ ಹೆಸರು ಖಚಿತವಿಲ್ಲ. ಗಂಡ ಸಭೆಯನ್ನು ಬಿಟ್ಟು ನೇರ ಅವಳನ್ನೇ ಉದ್ದೇಶಿಸಿ ‘ನೀನು’ ಎಂದು ಮಾತಾಡುತ್ತಾನೆ. ಅವನು ದೇಶ ಬಿಟ್ಟು ಓಡಿದ್ದಾಗ ಅವಳು ಮೈಮೇಲಿನ ಬಂಗಾರ, ಮುತ್ತು ಬಿಚ್ಚಿ ಕಳಿಸಿದ್ದು, ಅವನ ಕ್ಷಮಾದಾನದ ಆಜ್ಞೆಯನ್ನು ಜಾರಿ ಮಾಡಿಸಲು ಅಧಿಕಾರದಲ್ಲಿದ್ದ ಲೆಪಿಡಸ್‌ನ ಕಾಲಿಗೆ ಬಿದ್ದು, ಎಳೆದಾಡಿಸಿಕೊಂಡು ಮೈತುಂಬ ಬಾಸುಂಡೆಯಾದದ್ದು ಎಲ್ಲ ಬರುತ್ತದೆ. ಆಮೇಲೆ ಬೇರೆ ಯಾವ ಗಂಡನಾದರೂ ಮುಚ್ಚಿಡುತ್ತಿದ್ದ ಸಂಗತಿಗೆ ಬರುತ್ತಾನೆ. ಅವರಿಗೆ ಮಕ್ಕಳಾಗಲಿಲ್ಲ. ಅವಳೇ ವಿಚ್ಛೇದನದ ಮಾತೆತ್ತಿ, ತಾನೇ ಅವನಿಗೆ ಬೇರೆ ಹೆಣ್ಣು ನೋಡುತ್ತೇನೆ, ಹುಟ್ಟುವ ಮಕ್ಕಳನ್ನು ತನ್ನವೆಂದೇ ತಿಳಿಯುತ್ತೇನೆ ಎಂದಳು. ಅವನಿಗೆ ತಲೆ ಕೆಟ್ಟುಹೋಗುವಷ್ಟು ಸಿಟ್ಟು ಬಂತು, ಅದನ್ನೂ ಒಪ್ಪಿಕೊಳ್ಳುತ್ತಾನೆ. 41 ವರ್ಷದ ದಾಂಪತ್ಯ ಅದು. ಆ ಜಗಳದ ಪ್ರಸ್ತಾಪವೇ ಇಡೀ ಶಾಸನದಲ್ಲಿ ಪ್ರೀತಿಯ ಅತ್ಯಂತ ಗಟ್ಟಿ ಪುರಾವೆ. ಇದರ ಎದುರು, ಅಥೆನ್ಸಿನ ನಾಯಕ ಪೆರಿಕ್ಲೀಸ್ ಕ್ರಿ.ಪೂ. 431ರ ಯುದ್ಧದಲ್ಲಿ ಸತ್ತವರಿಗಾಗಿ ಆಡಿದ ಪ್ರಸಿದ್ಧ ಭಾಷಣವನ್ನು ಜನ ಮಾದರಿ ಎನ್ನುತ್ತಾರೆ. ಇತಿಹಾಸಕಾರ ಥ್ಯುಸಿಡಿಡೀಸ್ ಬರೆದಿಟ್ಟ ಆ ಭಾಷಣದಲ್ಲಿ ಸತ್ತ ಒಬ್ಬನ ಹೆಸರೂ ಇಲ್ಲ. ಇರುವುದೆಲ್ಲ ಅಥೆನ್ಸಿನ ಹಿರಿಮೆ, ವಿಧವೆಯರಿಗೆ ಮಾತ್ರ ಗಂಡಸರ ಬಾಯಲ್ಲಿ ನಿಮ್ಮ ಸುದ್ದಿ ಬಾರದಿರುವುದೇ ಕೀರ್ತಿ ಎಂಬ ಬುದ್ಧಿವಾದ. ನನಗೆ ಅದಕ್ಕಿಂತ ಹೆಸರಿಲ್ಲದ ಈ ಗಂಡನ ಒಡೆದ ಕಲ್ಲು ದೊಡ್ಡದು.

ನಮ್ಮ ವೀರಗಲ್ಲುಗಳೂ ಈ ಬಗೆಯವೇ. ಸಾಮಾನ್ಯವಾಗಿ ಮೂರು ಪಟ್ಟಿಕೆ: ಕೆಳಗೆ ಹೋರಾಟ, ನಡುವೆ ವೀರನನ್ನು ಹೊತ್ತೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಸನ್ನಿಧಿ. ಕಣ್ಣು ಕೆಳಗಿನಿಂದ ಮೇಲಕ್ಕೆ ಹೋಗಬೇಕು. ತುರುಗಳನ್ನು ಹಿಡಿದೊಯ್ಯುತ್ತಿದ್ದವರಿಗೆ ಅಡ್ಡ ನಿಂತ, ಇಲ್ಲಿ ಬಿದ್ದ ಎಂಬುದು ಮೊದಲು, ಸ್ವರ್ಗ ಆಮೇಲೆ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿದ್ದು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ 10ನೇ ಶತಮಾನದ ಕಲ್ಲಿನಲ್ಲಿ, ಮಣಲೆರನೆಂಬ ವೀರನು ತನ್ನ ಪರಾಕ್ರಮಕ್ಕೆ ಬಹುಮಾನವಾಗಿ ಕೇಳಿ ಪಡೆದ ಕಾಳಿ ಎಂಬ ನಾಯಿ ಕಾಡುಹಂದಿಯ ಮೇಲೆ ಬಿದ್ದಿರುವುದನ್ನು ಕೆತ್ತಿದ್ದಾರೆ. ಎರಡೂ ಸತ್ತವು. ಕಾಳಿಗಾಗಿ ಕಲ್ಲು ನಿಲ್ಲಿಸಿ ಭೂಮಿ ದತ್ತಿ ಬಿಟ್ಟರು. ನಾಯಿ ಏನು ಮಾಡಿತೋ ಅದನ್ನೇ ತೋರಿಸಿದ್ದಾರೆ. ಸಾವಿರ ವರ್ಷದ ಮೇಲೂ ಆ ನಾಯಿಯ ಗುರುತು ಸಿಗುತ್ತದೆ.

ಇಷ್ಟಕ್ಕೆಲ್ಲ ಗ್ರೀಕ್ ತತ್ವಜ್ಞಾನಿ ಎಪಿಕ್ಯೂರಸ್ ಅಡ್ಡ ಬರುತ್ತಾನೆ. ಒಳಿತು ಕೆಡುಕುಗಳೆಲ್ಲ ಅನುಭವಕ್ಕೆ ಸೇರಿದವು, ಸತ್ತವನಿಗೆ ಅನುಭವವೇ ಇಲ್ಲ, ಹಾಗಾಗಿ ಅವನಿಗೆ ಇನ್ನು ಯಾವ ಕೇಡೂ ತಟ್ಟದು ಎಂಬುದು ಅವನ ವಾದ. ಅದನ್ನು ಒಪ್ಪಿದರೆ ಹೋದವರಿಗೆ ನಾವು ಸತ್ಯವನ್ನೂ ಸಲ್ಲಿಸಬೇಕಾಗಿಲ್ಲ, ಉಳಿದವರಿಗೆ ಹಿತವಾಗುವುದನ್ನು ಹೇಳಿದರಾಯಿತು. ಈ ತರ್ಕದ ತಣ್ಣಗಿನ ಜಾಣತನ ನನಗೆ ಎಂದೂ ಸರಿಬಂದಿಲ್ಲ. ಬದುಕಿರುವವನ ಬೆನ್ನ ಹಿಂದೆ ಗೆಳೆಯನೊಬ್ಬ ದ್ರೋಹ ಮಾಡಿದ, ಅದು ಅವನಿಗೆ ಕೊನೆಯವರೆಗೂ ತಿಳಿಯಲೇ ಇಲ್ಲ ಎನ್ನೋಣ. ಅವನಿಗೆ ಅನ್ಯಾಯ ಆಗಲಿಲ್ಲವೇ? ಆಗಿದೆ ಎನ್ನುವುದಾದರೆ, ಅನುಭವಕ್ಕೆ ಬಾರದ ಅನ್ಯಾಯವೂ ಉಂಟೆಂದು ಒಪ್ಪಿದಂತಾಯಿತು. ಅಮೆರಿಕದ ತತ್ವಜ್ಞಾನಿ ಥಾಮಸ್ ನೇಗೆಲ್ 1970ರಲ್ಲಿ ಸಾವಿನ ಕುರಿತು ಬರೆದ ಪ್ರಬಂಧದಲ್ಲಿ ಎಪಿಕ್ಯೂರಸನ ವಾದವನ್ನು ಸಡಿಲಿಸಿದ್ದು ಈ ದಾರಿಯಲ್ಲೇ. ಅದಕ್ಕೂ ಬಹಳ ಹಿಂದೆ ಅರಿಸ್ಟಾಟಲ್, ಸಂತತಿಯ, ಸ್ನೇಹಿತರ ಸುಖದುಃಖ ಸತ್ತವರಿಗೆ ಕಿಂಚಿತ್ತೂ ತಟ್ಟುವುದಿಲ್ಲ ಎನ್ನುವುದು ಸ್ನೇಹಕ್ಕೆ ಒಗ್ಗದ ಮಾತು ಎಂದಿದ್ದ. ಪಿತೃಋಣದ ಮಾತು ಕೇಳಿ ಬೆಳೆದ ನಮಗೆ ಇದನ್ನು ವಿವರಿಸಬೇಕಾಗಿಲ್ಲ. ಎಪಿಕ್ಯೂರಸನೇ ತನ್ನ ಮರಣಶಾಸನದಲ್ಲಿ ವರ್ಷ ವರ್ಷ ತನ್ನ ಹುಟ್ಟುಹಬ್ಬ ಆಚರಿಸಬೇಕೆಂದೂ, ಪ್ರತಿ ತಿಂಗಳ 20ರಂದು ತನ್ನನ್ನೂ ಗೆಳೆಯ ಮೆಟ್ರೊಡೋರಸ್‌ನನ್ನೂ ನೆನೆದು ಶಿಷ್ಯರು ಸೇರಬೇಕೆಂದೂ ಏರ್ಪಾಡು ಮಾಡಿಹೋದ. ಸಿಸಿರೋ ಇದನ್ನು ಎತ್ತಿ ತೋರಿಸಿ ಕೇಳಿದ್ದ: ಸಾವಿನ ಆಚೆ ಏನೂ ಸಂಬಂಧವಿಲ್ಲದವನಿಗೆ ಇದೆಲ್ಲ ಏಕೆ?

ಸಾಕ್ಷಿಗೆ ಮಿತಿಯಿದೆ, ಅದನ್ನು ಮರೆತರೆ ಸಾಕ್ಷಿ ಹೋಗಿ ಚಾಡಿಯಾಗುತ್ತದೆ. ಕಂಡದ್ದನ್ನಷ್ಟೇ ಹೇಳಬೇಕು, ಕೇಳಿದ್ದು ಬೇಡ. ನಂಬಿ ಹೇಳಿಕೊಂಡ ಗುಟ್ಟು ಅವರ ಜೊತೆಗೇ ಹೋಗಬೇಕು. ಸಾರ್ವಜನಿಕ ಅಧಿಕಾರ ನಡೆಸಿದವರ ತೀರ್ಮಾನಗಳು ಗುಟ್ಟಿನ ಸಾಲಿಗೆ ಸೇರುವುದಿಲ್ಲ. ಅವುಗಳ ಪೆಟ್ಟು ತಿಂದವನು ಅವರ ಬದುಕಿಗೆ ಸಾಕ್ಷಿಯೇ, ಸಂತಾಪ ಸೂಚಕ ನಿರ್ಣಯ ಓದಿದವರಷ್ಟೇ ಅರ್ಹ ಸಾಕ್ಷಿ.

ಹೋದವರ ಬಗ್ಗೆ ಬರೆಯಲು ಕೂತವರು ಗುಣಗಳ ಪಟ್ಟಿ ಮಾಡದೆ, ಒಂದು ಮಧ್ಯಾಹ್ನವನ್ನೋ ಒಂದು ಜಗಳವನ್ನೋ ಹಿಡಿದು, ಅಲ್ಲಿ ಯಾರು ಏನು ಮಾಡಿದರು ಎಂದು ಬರೆಯಲಿ. ಕಾಗದ ನೋಡಿಕೊಂಡು ಓದುವುದರಲ್ಲಿ ಅವಮಾನವಿಲ್ಲ. ಗಂಟಲು ಕಟ್ಟಿದರೆ ಉಳಿದದ್ದನ್ನು ಪಕ್ಕದವರು ಓದಲಿ.

ಕಷ್ಟ ಇರುವುದು ಕುಡಿದು ಬಂದು ಹೊಡೆಯುತ್ತಿದ್ದ ತಂದೆಯ ಮಗನಿಗೆ. ‘ಹಿರೀಮಗ ನೀನು, ನಾಲ್ಕು ಒಳ್ಳೆ ಮಾತಾಡು’ ಎಂದು ಚಿಕ್ಕಪ್ಪ ಮೈಕು ಮುಂದೆ ಹಿಡಿಯುತ್ತಾರೆ. ಅವನ ಬಳಿ ಒಂದೇ ಒಂದು ನಿಜವಾದ ನೆನಪಿದ್ದರೆ, ಜಾತ್ರೆಯಲ್ಲಿ ಹೆಗಲ ಮೇಲೆ ಕೂರಿಸಿಕೊಂಡು ತೇರು ತೋರಿಸಿದ್ದು ಎನ್ನೋಣ, ಅದನ್ನು ಹೇಳಬಹುದು. ಅದರ ಜೊತೆ ‘ಉಳಿದದ್ದು ಕಷ್ಟದ ಕಾಲವಾಗಿತ್ತು’ ಎಂದೂ ಹೇಳಬಹುದು. ಅದೂ ಬಾಯಿಗೆ ಬಾರದಿದ್ದರೆ ಅವನು ಕೈಮುಗಿದು ಕೂರಲಿ, ಚಿಕ್ಕಪ್ಪ ಮೈಕನ್ನು ಇನ್ನೊಬ್ಬರಿಗೆ ಕೊಡಲಿ.