ದಪ್ಪ ಆಯಿಲ್ ಮತ್ತು ಮಾರುವವನ ಮೌನ

ಹಳೆಯ ಕಾರು ಮಾರುವವರ ನಡುವೆ ಒಂದು ಉಪಾಯ ಬಹಳ ಕಾಲದಿಂದ ಚಾಲ್ತಿಯಲ್ಲಿದೆ. ಎಂಜಿನ್ನಿನ ಒಳಗಿಂದ ಬಡಿತ ಕೇಳಿಬರುತ್ತಿದ್ದರೆ ಇರುವ ಆಯಿಲನ್ನು ತೆಗೆದು ಇನ್ನೂ ದಪ್ಪನೆಯದನ್ನು ಸುರಿಯುವುದು. ಬಡಿತ ತಗ್ಗುತ್ತದೆ. ಗಿರಾಕಿ ಬಂದು, ಒಂದು ಸುತ್ತು ಓಡಿಸಿ, ಹಣ ಕೊಟ್ಟು ಹೋಗುತ್ತಾನೆ. ಮಾರಿದವರು ಒಂದೇ ಒಂದು ಸುಳ್ಳನ್ನೂ ಆಡಿಲ್ಲ. ಹಾಗಿದ್ದರೆ ಅವರು ಮೋಸ ಮಾಡಿದರೇ?

ಬಡಿತ ಎಲ್ಲಿಂದ ಬರುತ್ತದೆ ಎಂಬುದನ್ನು ತಿಳಿಯದೆ ಇದಕ್ಕೆ ಉತ್ತರಿಸಲಾಗದು. ಪಿಸ್ಟನ್ನಿನ ಬಲವನ್ನು ಕ್ರ್ಯಾಂಕ್ ಶಾಫ್ಟಿಗೆ ದಾಟಿಸುವುದು ಕನೆಕ್ಟಿಂಗ್ ರಾಡ್. ಅದರ ಕೆಳತುದಿ ಶಾಫ್ಟನ್ನು ತಬ್ಬಿಕೊಳ್ಳುವಲ್ಲಿ ಅರ್ಧಚಂದ್ರಾಕಾರದ ಎರಡು ತೆಳು ಲೋಹದ ಚಿಪ್ಪುಗಳಿರುತ್ತವೆ. ಇವೇ ಬೇರಿಂಗ್. ಮೂರು ಸಿಲಿಂಡರಿನ ಮಾರುತಿ 800 ಕಾರಿನಲ್ಲಿ ಇಂಥವು ಮೂರು ಜೊತೆ. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಶಾಫ್ಟ್ ಸೆಕೆಂಡಿಗೆ 50 ಬಾರಿ ಸುತ್ತುತ್ತದೆ. ಆದರೂ ಲೋಹಕ್ಕೆ ಲೋಹ ತಾಗದಂತೆ ತಲೆಗೂದಲಿಗಿಂತ ತೆಳುವಾದ ಆಯಿಲ್ ಪದರವೊಂದು ಕಾಯುತ್ತದೆ. ಚಿಪ್ಪು ಸವೆದು ಎಡೆ ಹಿಗ್ಗಿದಾಗ ಆಯಿಲ್ ಸೋರಿ, ಒತ್ತಡ ಇಳಿದು, ರಾಡ್ ಶಾಫ್ಟಿಗೆ ಬಡಿಯತೊಡಗುತ್ತದೆ. ದಪ್ಪ ಆಯಿಲ್ ಆ ಸದ್ದನ್ನು ಸ್ವಲ್ಪ ಕಾಲ ಅಡಗಿಸುತ್ತದೆ, ಅಷ್ಟೆ. ಕಡೆಗೆ ರಾಡ್ ಮುರಿದು ಎಂಜಿನ್ನಿನ ಗೋಡೆಯನ್ನೇ ಒಡೆದು ಹೊರಬರುವುದೂ ಉಂಟು.

ಇದನ್ನು ಪರೀಕ್ಷಿಸುವ ದಾರಿ ಗುಟ್ಟೇನಲ್ಲ. ಒಂದೊಂದೇ ಸಿಲಿಂಡರಿನ ಕಿಡಿ ನಿಲ್ಲಿಸಿ ಕೇಳಿದಾಗ ಯಾವುದರಲ್ಲಿ ಬಡಿತ ಕುಗ್ಗುತ್ತದೋ ಅಲ್ಲಿ ಸಂಶಯ. ಬಳಿಕ ಕೆಳಗಿನ ಆಯಿಲ್ ತಟ್ಟೆ ಬಿಚ್ಚಿ, ರಾಡಿನ ಕ್ಯಾಪ್ ತೆಗೆದು ಚಿಪ್ಪನ್ನು ನೋಡಬೇಕು. ಬೂದುಬಣ್ಣದ ಪದರ ಹೋಗಿ ತಾಮ್ರ ಇಣುಕುತ್ತಿದ್ದರೆ ಅದರ ಆಯುಷ್ಯ ಮುಗಿದಂತೆ. ಪ್ಲಾಸ್ಟಿಗೇಜ್ ಎಂಬ ಮೇಣದಂಥ ಎಳೆಯನ್ನು ಶಾಫ್ಟಿನ ಮೇಲಿಟ್ಟು, ಕ್ಯಾಪನ್ನು ನಿಗದಿತ ಬಿಗಿತಕ್ಕೆ ಕೂರಿಸಿ ಮತ್ತೆ ಬಿಚ್ಚಿದರೆ, ಎಳೆ ಎಷ್ಟು ಚಪ್ಪಟೆಯಾಗಿದೆ ಎಂಬುದರಿಂದ ಎಡೆಯ ಅಳತೆ ಸಿಗುತ್ತದೆ. ಶಾಫ್ಟಿನಲ್ಲೇ ಗೀರು ಬಿದ್ದಿದ್ದರೆ ಹೊಸ ಚಿಪ್ಪಿನಿಂದಷ್ಟೇ ಫಲವಿಲ್ಲ. ಶಾಫ್ಟನ್ನು ಗ್ರೈಂಡ್ ಮಾಡಿಸಿ 0.25 ಅಥವಾ 0.50 ಮಿ.ಮೀ. ಅಂಡರ್‌ಸೈಜ್ ಚಿಪ್ಪು ಹಾಕಬೇಕು. ಇಲ್ಲಿಯೂ ಅಡ್ಡದಾರಿಗಳಿವೆ. ಚಿಪ್ಪಿನ ಹಿಂದೆ ತಗಡಿನ ಚೂರಿಡುವುದು, ಕ್ಯಾಪಿನ ಅಂಚನ್ನು ಅರದಿಂದ ಉಜ್ಜುವುದು. ಮುಚ್ಚಿದ ಮೇಲೆ ಕಾಣುವವರಾರು? ಮೆಕ್ಯಾನಿಕರನ್ನಷ್ಟೇ ದೂರುವುದೂ ನ್ಯಾಯವಲ್ಲ. ಹೇಗಾದರೂ ಓಡಿದರೆ ಸಾಕು ಎನ್ನುವವರು ಹೆಚ್ಚಾಗಿ ಕಾರಿನ ಮಾಲಿಕರೇ.

1872ರ ಭಾರತೀಯ ಕರಾರು ಕಾಯ್ದೆಯ 17ನೇ ಸೆಕ್ಷನ್ ವಂಚನೆಯನ್ನು ವಿವರಿಸುವಾಗ ಕುದುರೆಯ ಉದಾಹರಣೆ ಕೊಡುತ್ತದೆ. ದೋಷ ಗೊತ್ತಿದ್ದೂ ಏನೂ ಹೇಳದೆ ಕುದುರೆಯನ್ನು ಹರಾಜಿನಲ್ಲಿ ಮಾರಿದರೆ ಅದು ವಂಚನೆಯಲ್ಲ. ಆದರೆ ಕೊಳ್ಳುವವಳು ಆಗಷ್ಟೇ ಪ್ರಾಯಕ್ಕೆ ಬಂದ ಸ್ವಂತ ಮಗಳಾಗಿದ್ದರೆ ಹೇಳಲೇಬೇಕು. ನೀವು ಅಲ್ಲವೆನ್ನದಿದ್ದರೆ ಕುದುರೆ ಸರಿಯಿದೆಯೆಂದೇ ನಂಬುತ್ತೇನೆ ಎಂದು ಕೊಳ್ಳುವವನು ಹೇಳಿದ ಮೇಲೂ ಸುಮ್ಮನಿದ್ದರೆ ಆ ಮೌನವೂ ಮಾತಿಗೆ ಸಮ. ಗೊತ್ತಿರುವ ಸಂಗತಿಯನ್ನು ಬೇಕೆಂದೇ ಮರೆಮಾಚುವುದಂತೂ ಅದೇ ಸೆಕ್ಷನ್ ಪ್ರಕಾರ ವಂಚನೆಯೇ.

ಕೊಳ್ಳುವವನು ತನ್ನ ಮೆಕ್ಯಾನಿಕನನ್ನು ಕರೆತರಲಿ, ಬೇಡವೆಂದವರು ಯಾರು ಎಂದು ಮಾರುವವರು ಕೇಳುತ್ತಾರೆ. ಕೇಳಲು ಸರಿಯೆನಿಸುತ್ತದೆ. ಆದರೆ ಕೊಳ್ಳುವ ಮುನ್ನ ಆಯಿಲ್ ತಟ್ಟೆ ಬಿಚ್ಚಲು ಯಾರೂ ಬಿಡುವುದಿಲ್ಲ. ಕಿವಿಯೊಂದೇ ಅವನ ಉಪಕರಣ. ದಪ್ಪ ಆಯಿಲ್ ಕಸಿದುಕೊಳ್ಳುವುದು ಆ ಕಿವಿಯನ್ನೇ. ಸುಮ್ಮನಿರುವವನು ಕೊಳ್ಳುವವನಿಗೆ ನೆರವಾಗುವುದಿಲ್ಲ. ಆಯಿಲ್ ಬದಲಿಸಿದವನು ಅವನ ಪರೀಕ್ಷೆಯನ್ನೇ ಮೊದಲಾಗಿ ಸೋಲಿಸಿರುತ್ತಾನೆ. ಇದನ್ನು ಮೌನವೆಂದು ಕರೆಯಲು ನಮಗೆ ಸಾಧ್ಯವಿಲ್ಲ.

ಕಷ್ಟದ ಪ್ರಶ್ನೆ ಬೇರೆಯೇ ಇದೆ. ಆಯಿಲ್ ಮುಟ್ಟದೆ, ಬಡಿತ ಗೊತ್ತಿದ್ದೂ, ಬರೀ ಸುಮ್ಮನಿದ್ದರೆ? ಕಾನೂನು ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕು. ಅದು ಮಗಳ ಬಳಿ ಎಳೆದಿದೆ. ಆದರೆ ಮಗಳಿಗೆ ಹೇಳಬೇಕಾದದ್ದು ಏಕೆ? ಅವಳು ನಮ್ಮನ್ನು ನಂಬಿದ್ದಾಳೆ, ಅವಳಿಗೆ ಅನುಭವವಿಲ್ಲ ಎಂದೇ ಅಲ್ಲವೇ? ಸಾಲ ಮಾಡಿ, ಬಾಡಿಗೆಗೆ ಓಡಿಸಲೆಂದು ಹಳೆಯ ಕಾರು ಕೊಳ್ಳಲು ಬಂದ ಹುಡುಗನ ಸ್ಥಿತಿಯೂ ಅದೇ. ಅವನಿಗೂ ಹೇಳಬೇಕೆಂಬುದೇ ನಮ್ಮ ಅಭಿಪ್ರಾಯ. ಬೆಲೆ ಇಳಿಯುತ್ತದೆ, ನಿಜ. ಇಳಿಯುವುದು ಹೆಚ್ಚೆಂದರೆ ರಿಪೇರಿಯ ಖರ್ಚಿನಷ್ಟು. ಸುಮ್ಮನಿದ್ದರೆ ಆ ಖರ್ಚನ್ನು, ಕೆಲವೊಮ್ಮೆ ಇಡೀ ಎಂಜಿನ್ನಿನ ಬೆಲೆಯನ್ನು, ಅವನು ತೆರುತ್ತಾನೆ.

ತೆಗೆದ ಹಳೆಯ ಚಿಪ್ಪುಗಳನ್ನು ಕಾಗದದಲ್ಲಿ ಸುತ್ತಿ ಮಾಲಿಕರ ಕೈಗಿಡುವ ಮೆಕ್ಯಾನಿಕರಿದ್ದಾರೆ. ಹೆಚ್ಚಿನವರು ಅದನ್ನು ಗುಜರಿಗೆ ಎಸೆಯುತ್ತಾರೆ. ಕಾರು ಮಾರುವ ದಿನ ಆ ಪೊಟ್ಟಣವನ್ನು ಕೀಲಿಕೈಯ ಜೊತೆಗೇ, ಕೊಳ್ಳುವವನು ಕೇಳದಿದ್ದರೂ, ಕೊಟ್ಟುಬಿಡಬಹುದು.